ರಾತ್ರಿ ಉಣ್ಣದ ಮಗು, ಹಗಲು ತಿಂದ ಲಿಚಿ



ಕಳೆದ ರಂಜಾನ್ ತಿಂಗಳಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಒಂದು ಪ್ರಶ್ನೆ ಬಂತು. ಆಹಾರದಿಂದ ಶಕ್ತಿ ಹೇಗೆ ಸಿಗುತ್ತದೆ ಎಂಬ ಪಾಠ ಮುಗಿಸಿ ನಾನು ಬೋರ್ಡು ಒರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಟೀಚರೇ, ನಾನು ಬೆಳಗಾಗುವ ಮೊದಲು ತಿಂದವ. ಸಂಜೆವರೆಗೆ ಹೊಟ್ಟೆಗೆ ಎಂತದೂ ಇಲ್ಲ. ಆದ್ರೂ ಫುಟ್‌ಬಾಲ್ ಆಡ್ತೇನೆ. ಹಾಗಾದ್ರೆ ಸಕ್ಕರೆ ಎಲ್ಲಿಂದ ಬರ್ತದೆ?"

ಪಕ್ಕದ ಸಾಲಿನ ಹುಡುಗಿ ಬಿಡಲಿಲ್ಲ. "ನನ್ನ ಅಜ್ಜಿಗೆ ಏಕಾದಶಿ ದಿನ ಇಡೀ ಉಪವಾಸ. ಅಡಿಕೆ ಸುಲಿಯುವುದನ್ನು ಮಾತ್ರ ಬಿಡುವುದಿಲ್ಲ" ಅಂದಳು.

ಪ್ರಶ್ನೆ ಚೆನ್ನಾಗಿತ್ತು. ಉತ್ತರ ಹೇಳುವ ಮೊದಲು ನಾನು ಅವರಿಗೆ ಬಿಹಾರದ ಒಂದು ಸಂಗತಿ ಹೇಳಿದೆ. ಅಲ್ಲಿಯ ಪುಟ್ಟ ಮಕ್ಕಳು ರಾತ್ರಿ ಊಟ ಮಾಡದೆ ಮಲಗಿದ್ದರು. ಅಷ್ಟೇ. ಬೆಳಗಾಗುವುದರೊಳಗೆ ಅವರ ಮಿದುಳಿಗೆ ಸಕ್ಕರೆ ಸಿಗದೇ ಹೋಯಿತು. ನಿಮ್ಮ ಅಜ್ಜಿಯನ್ನು ಕಾಪಾಡುವ ವ್ಯವಸ್ಥೆ ಆ ಮಕ್ಕಳನ್ನು ಏಕೆ ಕಾಪಾಡಲಿಲ್ಲ? ಈ ಲೇಖನದ ಪ್ರಶ್ನೆ ಇದೇ.

ಮುಜಫ್ಫರ್‌ಪುರದ ಮುಂಜಾವು

ಬಿಹಾರದ ಮುಜಫ್ಫರ್‌ಪುರ ಲಿಚಿ ಹಣ್ಣಿಗೆ ಹೆಸರಾದ ಜಿಲ್ಲೆ. ಮೇ, ಜೂನ್ ತಿಂಗಳಲ್ಲಿ ಅಲ್ಲಿಯ ತೋಟಗಳೆಲ್ಲ ಕೆಂಪು. ಆದರೆ 1995ರಿಂದ ಅದೇ ತಿಂಗಳುಗಳಲ್ಲಿ ಅಲ್ಲಿ ಒಂದು ವಿಚಿತ್ರ ಕಾಯಿಲೆಯೂ ಕಾಣಿಸಿಕೊಳ್ಳತೊಡಗಿತು. ಹಿಂದಿನ ದಿನ ಆಡಿಕೊಂಡಿದ್ದ ಮಗು ಮರುದಿನ ನಸುಕಿನಲ್ಲಿ ಚೀರಿ ಏಳುತ್ತದೆ, ಕೈಕಾಲು ಸೆಟೆದು ಫಿಟ್ಸ್ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಹಲವು ಮಕ್ಕಳು ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ತೀರಿಕೊಂಡರು. ಮುಂಗಾರು ಮಳೆ ಬಂದು ಲಿಚಿ ಮುಗಿಯಿತೆಂದರೆ ಕಾಯಿಲೆಯೂ ಮಾಯ.

ಜನ ಅದನ್ನು 'ಚಮ್ಕಿ ಬುಖಾರ್' ಎಂದು ಕರೆದರು. ಬುಖಾರ್ ಅಂದರೆ ಜ್ವರ. ಆದರೆ ಎಷ್ಟೋ ಮಕ್ಕಳಿಗೆ ಜ್ವರವೇ ಇರಲಿಲ್ಲ! ಮಿದುಳು ಜ್ವರವಿರಬೇಕೆಂದು ವೈರಸ್ ಹುಡುಕಿದರು, ಸಿಗಲಿಲ್ಲ. ಬೆನ್ನುಹುರಿಯ ದ್ರವ ತೆಗೆದು ನೋಡಿದರೆ ಸೋಂಕಿನ ಗುರುತಿಲ್ಲ. ಬಿಸಿಲಿನ ಝಳವೇ? ತೋಟಕ್ಕೆ ಹೊಡೆಯುವ ಕೀಟನಾಶಕವೇ? ಹೀಗೆ ಅನುಮಾನದಲ್ಲೇ ವರ್ಷಗಳು ಕಳೆದವು.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಮಕ್ಕಳ ರಕ್ತದಲ್ಲಿ. ಹಲವರ ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು.

ಒಂದು ಚಮಚ ಸಕ್ಕರೆಯ ಲೆಕ್ಕ

ಈಗ ಒಂದು ಸಣ್ಣ ಗಣಿತ. ಆರೋಗ್ಯವಂತರ ರಕ್ತದಲ್ಲಿ, ಖಾಲಿ ಹೊಟ್ಟೆಯಲ್ಲಿರುವಾಗ, 100 ಮಿಲಿಲೀಟರಿಗೆ ಸುಮಾರು 70ರಿಂದ 100 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಗುಣಿಸಿ ನೋಡಿ. ಇಡೀ ರಕ್ತದಲ್ಲಿರುವ ಸಕ್ಕರೆ ಹೆಚ್ಚೆಂದರೆ 5 ಗ್ರಾಂ, ಅಂದರೆ ಚಹಾಕ್ಕೆ ಹಾಕುವ ಒಂದು ಚಮಚ ಮಾತ್ರ. 15 ಕಿಲೋ ತೂಕದ ಮಗುವಿನ ರಕ್ತದಲ್ಲಾದರೆ ಸುಮಾರು ಒಂದೇ ಗ್ರಾಂ.

ಖರ್ಚು ಎಷ್ಟು? ದೊಡ್ಡವರ ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಡುತ್ತದೆ. ನೀವು ನಿದ್ದೆ ಮಾಡಿದರೂ ಅದಕ್ಕೆ ರಜೆ ಇಲ್ಲ. ಪುಟ್ಟ ಮಕ್ಕಳಲ್ಲಿ ಈ ಪಾಲು ಇನ್ನೂ ದೊಡ್ಡದು, ಏಕೆಂದರೆ ಅವರ ದೇಹ ಚಿಕ್ಕದು, ಮಿದುಳು ಮಾತ್ರ ಬೇಗ ಬೆಳೆದಿರುತ್ತದೆ.

ಕಿಸೆಯಲ್ಲಿ ಐದು ರೂಪಾಯಿ ಇಟ್ಟುಕೊಂಡು ದಿನಕ್ಕೆ ನೂರಿಪ್ಪತ್ತು ರೂಪಾಯಿ ಖರ್ಚು ಮಾಡಬೇಕಾದರೆ ಯಾರಾದರೂ ಹಿಂದಿನಿಂದ ತುಂಬಿಸುತ್ತಲೇ ಇರಬೇಕು ತಾನೇ? ಆ ಕೆಲಸ ಯಕೃತ್ತಿನದು, ಅಂದರೆ ನಮ್ಮ ಲಿವರಿನದು.

ಯಕೃತ್ತು ಇದನ್ನು ಎರಡು ರೀತಿಯಲ್ಲಿ ಮಾಡುತ್ತದೆ. ಊಟವಾದ ಮೇಲೆ ಹೆಚ್ಚಾದ ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ರಾತ್ರಿ ಅದನ್ನೇ ಬಿಡಿಸಿ ರಕ್ತಕ್ಕೆ ಕೊಡುತ್ತದೆ. ದೊಡ್ಡವರ ಯಕೃತ್ತಿನಲ್ಲಿ ಇದು ಸುಮಾರು 100 ಗ್ರಾಂ. ಒಂದು ರಾತ್ರಿಗೆ ಧಾರಾಳ ಸಾಕು, ಒಂದು ದಿನ ಕಳೆಯುವಾಗ ಹೆಚ್ಚುಕಡಿಮೆ ಖಾಲಿ. ಪುಟ್ಟ ಮಗುವಿನ ಉಗ್ರಾಣ ಚಿಕ್ಕದು. ಸರಿಯಾಗಿ ಉಣ್ಣದ ಮಗುವಿನದು ಇನ್ನೂ ಚಿಕ್ಕದು.

ಉಗ್ರಾಣ ಖಾಲಿಯಾದಾಗ ಎರಡನೇ ದಾರಿ. ಯಕೃತ್ತು ಹೊಸದಾಗಿ ಗ್ಲೂಕೋಸನ್ನು ತಯಾರಿಸುತ್ತದೆ. ಸ್ನಾಯುಗಳಿಂದ ಬರುವ ಅಮೈನೋ ಆಮ್ಲ, ಲ್ಯಾಕ್ಟಿಕ್ ಆಮ್ಲ, ಕೊಬ್ಬಿನಿಂದ ಬಿಡಿಸಿಕೊಂಡ ಗ್ಲಿಸರಾಲ್ ಇದಕ್ಕೆ ಕಚ್ಚಾವಸ್ತು.

ಅಕ್ಕಿ ಉಂಟು, ಸೌದೆ ಇಲ್ಲ

ಇಲ್ಲಿ ಮಕ್ಕಳು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಕೊಬ್ಬು ಕರಗಿ ಸಕ್ಕರೆಯಾಗುತ್ತದೆ ಎಂದು ಬರೆಯುತ್ತಾರೆ. ಗ್ಲಿಸರಾಲಿನ ಸಣ್ಣ ಭಾಗ ಬಿಟ್ಟರೆ, ನಮ್ಮ ಕೊಬ್ಬಿನಲ್ಲಿ ಹೆಚ್ಚಾಗಿರುವ ಕೊಬ್ಬಿನಾಮ್ಲಗಳು ಗ್ಲೂಕೋಸ್ ಆಗುವುದಿಲ್ಲ. ಹಾಗಾದರೆ ಉಪವಾಸದಲ್ಲಿ ಕೊಬ್ಬಿನ ಕೆಲಸವೇನು?

ಅಡುಗೆಮನೆಯನ್ನು ನೆನೆಯಿರಿ. ಅನ್ನ ಆಗಬೇಕಾದರೆ ಅಕ್ಕಿ ಬೇಕು, ಸೌದೆಯೂ ಬೇಕು. ಸೌದೆ ಅನ್ನವಾಗುವುದಿಲ್ಲ. ಆದರೆ ಸೌದೆ ಇಲ್ಲದೆ ಅನ್ನ ಬೇಯುವುದಿಲ್ಲ. ಅಮೈನೋ ಆಮ್ಲ ಮುಂತಾದವು ಅಕ್ಕಿ, ಕೊಬ್ಬಿನಾಮ್ಲ ಸೌದೆ. ಗ್ಲೂಕೋಸ್ ತಯಾರಿಸಲು ಬೇಕಾದ ಎಟಿಪಿ ಶಕ್ತಿ ಕೊಬ್ಬಿನಾಮ್ಲವನ್ನು ಉರಿಸುವುದರಿಂದ ಸಿಗುತ್ತದೆ. ಇನ್ನೂ ಒಂದು ಉಪಕಾರವಿದೆ. ಕೊಬ್ಬಿನಾಮ್ಲದಿಂದ ಯಕೃತ್ತು ಕೀಟೋನ್ ಎಂಬ ಪದಾರ್ಥವನ್ನೂ ಮಾಡಿ ಮಿದುಳಿಗೆ ಕಳಿಸುತ್ತದೆ. ಗ್ಲೂಕೋಸ್ ಕಡಿಮೆಯಾದಾಗ ಮಿದುಳು ಅದನ್ನು ಬಳಸಿ ಸುಧಾರಿಸಿಕೊಳ್ಳುತ್ತದೆ.

ಏಕಾದಶಿಯ ಅಜ್ಜಿ, ರಂಜಾನಿನ ಫುಟ್‌ಬಾಲ್ ಹುಡುಗ ಇಬ್ಬರಿಗೂ ಉತ್ತರ ಇಲ್ಲಿದೆ. ಮೊದಲು ಗ್ಲೈಕೋಜನ್, ಆಮೇಲೆ ಕೊಬ್ಬಿನ ಒಲೆ.

ಈ ಸೌದೆಯನ್ನು ಕಡಿಯುವ ಕ್ರಮವೂ ಸೊಗಸಾಗಿದೆ. ಪಾಲ್ಮಿಟಿಕ್ ಆಮ್ಲ ಎಂಬ ಸಾಮಾನ್ಯ ಕೊಬ್ಬಿನಾಮ್ಲದಲ್ಲಿ 16 ಕಾರ್ಬನ್ ಪರಮಾಣುಗಳ ಸಾಲು ಇರುತ್ತದೆ. ಹದಿನಾರು ಗೆಣ್ಣಿನ ಕಬ್ಬು ಅಂದುಕೊಳ್ಳಿ. ಮೈಟೋಕಾಂಡ್ರಿಯದೊಳಗೆ ಅದನ್ನು ಎರಡೆರಡು ಗೆಣ್ಣಾಗಿ ಕಡಿಯುತ್ತಾರೆ. 7 ಬಾರಿ ಕಡಿದರೆ 8 ತುಂಡು. ಇದಕ್ಕೆ ಬೀಟಾ ಆಕ್ಸಿಡೇಶನ್ ಎಂದು ಹೆಸರು. ಪ್ರತಿ ಸಲ ಕಡಿಯುವಾಗಲೂ ನಾಲ್ಕು ಹಂತ: ಹೈಡ್ರೋಜನ್ ತೆಗೆಯುವುದು, ನೀರು ಸೇರಿಸುವುದು, ಮತ್ತೆ ಹೈಡ್ರೋಜನ್ ತೆಗೆಯುವುದು, ಕೊನೆಗೆ ಕತ್ತರಿಸುವುದು. ಪ್ರತಿ ಹಂತಕ್ಕೂ ಬೇರೆ ಬೇರೆ ಕಿಣ್ವ. ಒಂದು ಕಿಣ್ವ ಕೆಲಸ ನಿಲ್ಲಿಸಿದರೂ ಇಡೀ ಸಾಲು ನಿಲ್ಲುತ್ತದೆ.

ಲಿಚಿಯ ವಿಷ ನಿಲ್ಲಿಸುವುದು ಇದನ್ನೇ.

ಜಮೈಕಾದ ಹಣ್ಣು ಕೊಟ್ಟ ಸುಳಿವು

ಈ ವಿಷದ ಕತೆ ಮೊದಲು ತಿಳಿದದ್ದು ಲಿಚಿಯಿಂದಲ್ಲ, ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿ. ಅಲ್ಲಿಯ ರಾಷ್ಟ್ರೀಯ ಹಣ್ಣು ಅಕಿ. ಪಶ್ಚಿಮ ಆಫ್ರಿಕಾದ ಈ ಮರ ಗುಲಾಮರ ವ್ಯಾಪಾರದ ಕಾಲದಲ್ಲಿ ಜಮೈಕಾಕ್ಕೆ ಬಂತು. ಇದರ ವೈಜ್ಞಾನಿಕ ಹೆಸರು ಬ್ಲಿಘಿಯಾ ಸಾಪಿಡಾ. ಅಕಿಯನ್ನು ಉಪ್ಪುಮೀನಿನ ಜೊತೆ ಬೇಯಿಸಿ ತಿನ್ನುವುದು ಆ ದೇಶದ ಅಚ್ಚುಮೆಚ್ಚಿನ ಅಡುಗೆ.

ಆದರೆ ಅಕಿಗೊಂದು ನಿಯಮವಿದೆ. ಹಣ್ಣು ಮರದಲ್ಲೇ ತಾನಾಗಿ ಬಾಯಿ ಬಿಡಬೇಕು. ಅಲ್ಲಿಯ ಜನ ಅದಕ್ಕೆ ಹಣ್ಣು 'ಆಕಳಿಸಬೇಕು' ಎನ್ನುತ್ತಾರೆ. ಆಕಳಿಸುವ ಮೊದಲೇ ಕಿತ್ತು ತಿಂದವರಿಗೆ ವಾಂತಿ, ಫಿಟ್ಸ್, ಕೊನೆಗೆ ಸಾವು. ಬಲಿಯಾದವರಲ್ಲಿ ಬಡ ಮನೆಯ ಮಕ್ಕಳೇ ಹೆಚ್ಚು. ಇದಕ್ಕೆ ಜಮೈಕಾದ ವಾಂತಿ ರೋಗ ಎಂದೇ ಹೆಸರಾಯಿತು.

1954ರ ಹೊತ್ತಿಗೆ ಹ್ಯಾಸಲ್, ರೇಲ್ ಮತ್ತು ಜೊತೆಗಾರ ವಿಜ್ಞಾನಿಗಳು ಅಕಿಯಿಂದ ವಿಷವನ್ನು ಬೇರ್ಪಡಿಸಿದರು. ಅದು ರಕ್ತದ ಸಕ್ಕರೆಯನ್ನು ಇಳಿಸುತ್ತಿದ್ದುದರಿಂದ ಹೈಪೊಗ್ಲೈಸಿನ್ ಎಂದು ಹೆಸರಿಟ್ಟರು. ಹೈಪೊ ಅಂದರೆ ಕಡಿಮೆ, ಗ್ಲೈಸ್ ಅಂದರೆ ಸಿಹಿ. ಕಾಯಿಯಲ್ಲಿ ಇದು ತುಂಬಾ ಇರುತ್ತದೆ, ಹಣ್ಣಾಗುತ್ತ ಬಂದಂತೆ ತಿರುಳಿನಲ್ಲಿ ಬಹಳ ಕಡಿಮೆಯಾಗುತ್ತದೆ. ಇಂದು ಡಬ್ಬಿಯಲ್ಲಿ ಅಕಿಯನ್ನು ಅಮೆರಿಕಕ್ಕೆ ಕಳಿಸಬೇಕಾದರೆ ಕಿಲೋಗೆ 100 ಮಿಲಿಗ್ರಾಮಿಗಿಂತ ಹೆಚ್ಚು ಹೈಪೊಗ್ಲೈಸಿನ್ ಇರಬಾರದು.

1962ರಲ್ಲಿ ಗ್ರೇ ಮತ್ತು ಫೌಡನ್ ಎಂಬ ವಿಜ್ಞಾನಿಗಳು ಲಿಚಿ ಬೀಜದಲ್ಲಿ ಹೈಪೊಗ್ಲೈಸಿನ್ನಿನ ತಮ್ಮನಂಥ ಇನ್ನೊಂದು ಅಮೈನೋ ಆಮ್ಲವನ್ನು ಕಂಡುಹಿಡಿದರು. ಅದರ ಉದ್ದ ಹೆಸರು ಮೆಥಿಲೀನ್‌ಸೈಕ್ಲೋಪ್ರೊಪೈಲ್‌ಗ್ಲೈಸಿನ್, ಚಿಕ್ಕದಾಗಿ ಎಂಸಿಪಿಜಿ. ಹೈಪೊಗ್ಲೈಸಿನ್ನಿಗಿಂತ ಇದರಲ್ಲಿ ಒಂದು ಕಾರ್ಬನ್ ಕಡಿಮೆ, ಅಷ್ಟೇ ವ್ಯತ್ಯಾಸ.

ಬೀಗದೊಳಗೆ ಅಂಟು

ಈ ಎರಡು ವಿಷಗಳು ಹೊಟ್ಟೆಗೆ ಹೋದ ಕೂಡಲೇ ಏನೂ ಮಾಡುವುದಿಲ್ಲ. ಅವು ಅಮೈನೋ ಆಮ್ಲದ ವೇಷದಲ್ಲಿರುತ್ತವೆ. ಬೇಳೆಯ, ಮೀನಿನ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳನ್ನು ಬಿಡಿಸುವ ನಮ್ಮದೇ ಕಿಣ್ವಗಳು ಇವನ್ನೂ ತಮ್ಮವೆಂದು ತಿಳಿದು ಬಿಡಿಸುತ್ತವೆ. ಹಾಗೆ ಬಿಡಿಸಿದಾಗಲೇ ಅಸಲಿ ವಿಷ ಹೊರಬರುತ್ತದೆ. ಕಳ್ಳನಿಗೆ ನಾವೇ ಬಾಗಿಲು ತೆಗೆದುಕೊಟ್ಟ ಹಾಗೆ.

ಈ ವಿಷದ ಅಣುವಿನಲ್ಲಿ ಮೂರು ಕಾರ್ಬನ್‌ಗಳ ಒಂದು ತ್ರಿಕೋನ ಉಂಟು. ಬಲವಂತವಾಗಿ ಬಗ್ಗಿಸಿ ಕಟ್ಟಿದ ಬಿದಿರಿನ ಸೀಳಿನಂತೆ ಅದು ಬಿಚ್ಚಿಕೊಳ್ಳಲು ಕಾಯುತ್ತಿರುತ್ತದೆ. ಹೈಪೊಗ್ಲೈಸಿನ್ನಿನಿಂದ ಬಂದ ಅಣು ಬೀಟಾ ಆಕ್ಸಿಡೇಶನ್ನಿನ ಮೊದಲ ಹಂತದ ಕಿಣ್ವಗಳೊಳಗೆ ಹೋಗಿ ಅಲ್ಲೇ ಬಿಚ್ಚಿಕೊಂಡು ಅಂಟಿಬಿಡುತ್ತದೆ. ಎಂಸಿಪಿಜಿಯಿಂದ ಬಂದದ್ದು ಎರಡನೇ ಹಂತದ, ಅಂದರೆ ನೀರು ಸೇರಿಸುವ ಕಿಣ್ವವನ್ನು ಹಿಡಿಯುತ್ತದೆ. ಬೀಗದೊಳಗೆ ತಪ್ಪು ಕೀಲಿ ಹಾಕಿದರೆ ಹೊರಗೆ ತೆಗೆಯಬಹುದು, ಆದರೆ ಕೀಲಿಗೆ ಅಂಟು ಹಚ್ಚಿ ಹಾಕಿದರೆ? ಬೀಗವನ್ನೇ ಬದಲಿಸಬೇಕು. ದೇಹವೂ ಹೊಸ ಕಿಣ್ವ ತಯಾರಿಸಬೇಕು. ಅದಕ್ಕೆ ಹೊತ್ತು ಬೇಕು.

ಒಲೆ ಆರಿತು. ಹೊಸ ಗ್ಲೂಕೋಸ್ ಇಲ್ಲ, ಕೀಟೋನೂ ಇಲ್ಲ. ಮಿದುಳಿನ ಎರಡೂ ಬಾಗಿಲು ಮುಚ್ಚಿದವು.

"ಲಿಚಿಯಲ್ಲೇ ಸಿಹಿ ಉಂಟಲ್ಲ ಟೀಚರೇ?"

ತರಗತಿಯಲ್ಲಿ ಈ ಪ್ರಶ್ನೆ ಬಂದಾಗ ನನಗೆ ಬಹಳ ಖುಷಿಯಾಯಿತು. ಹೌದು, ಲಿಚಿಯಲ್ಲಿ ಸಕ್ಕರೆ ಧಾರಾಳವಿದೆ. ಆದರೆ ಸಮಯ ನೋಡಿ. ಮಗು ಹಗಲಿಡೀ ತೋಟದಲ್ಲಿ ಆಡುತ್ತ, ಉದುರಿದ ಹಣ್ಣು ಹೆಕ್ಕಿ ತಿನ್ನುತ್ತದೆ. ಹೊಟ್ಟೆ ತುಂಬಿದಂತಾಗಿ ಊಟ ಬೇಡವೆನ್ನುತ್ತದೆ, ಅಥವಾ ಮನೆಯಲ್ಲಿ ಊಟವೇ ಇರುವುದಿಲ್ಲ. ಹಣ್ಣಿನ ಸಕ್ಕರೆ ಕೆಲವೇ ಗಂಟೆಗಳಲ್ಲಿ ಖರ್ಚಾಗುತ್ತದೆ. ಅಂಟಿದ ಬೀಗ ಮಾತ್ರ ಹಾಗೆಯೇ ಇರುತ್ತದೆ. ಮಧ್ಯರಾತ್ರಿ ದಾಟುವಾಗ ಗ್ಲೈಕೋಜನ್ ಮುಗಿಯುತ್ತದೆ. ನಸುಕಿಗೆ ಫಿಟ್ಸ್.

ಅದೇ ತೋಟದಲ್ಲಿ ಅಷ್ಟೇ ಹಣ್ಣು ತಿಂದು, ರಾತ್ರಿ ಹೊಟ್ಟೆತುಂಬ ಉಂಡು ಮಲಗಿದ ಮಗುವಿಗೆ ಒಲೆ ಹಚ್ಚುವ ಅಗತ್ಯವೇ ಬೀಳುವುದಿಲ್ಲ. ಗ್ಲೈಕೋಜನ್ನಿನಲ್ಲೇ ಬೆಳಗಾಗುತ್ತದೆ. ವಿಷ ಇಬ್ಬರ ದೇಹಕ್ಕೂ ಹೋಗಿತ್ತು, ಬದುಕಿಸಿದ್ದು ರಾತ್ರಿಯ ತಟ್ಟೆ.

ಸಾಕ್ಷಿ ಹುಡುಕಿದ ಬಗೆ

ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ವಿಜ್ಞಾನದಲ್ಲಿ ಕತೆ ಚೆನ್ನಾಗಿದ್ದರೆ ಸಾಲದು, ಸಾಕ್ಷಿ ಬೇಕು. ವೆಲ್ಲೂರಿನ ವೈರಾಣು ವಿಜ್ಞಾನಿ ಟಿ. ಜೇಕಬ್ ಜಾನ್ ಮತ್ತು ಲಕ್ನೋದ ವಿಷವಿಜ್ಞಾನಿ ಮುಕುಲ್ ದಾಸ್, ಜಮೈಕಾದ ರೋಗಕ್ಕೂ ಮುಜಫ್ಫರ್‌ಪುರದ ರೋಗಕ್ಕೂ ಇರುವ ಹೋಲಿಕೆಯನ್ನು ಗುರುತಿಸಿ 2014ರಲ್ಲಿ ಬರೆದರು. ಅದೇ ವರ್ಷ ಭಾರತದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸೇರಿ ದೊಡ್ಡ ತನಿಖೆ ನಡೆಸಿದವು. ಅದರ ವರದಿ 2017ರಲ್ಲಿ ಪ್ರಕಟವಾಯಿತು.

2014ರ ಮೇ 26ರಿಂದ ಜುಲೈ 17ರವರೆಗೆ ಎರಡು ಆಸ್ಪತ್ರೆಗಳಿಗೆ 390 ಮಂದಿ ದಾಖಲಾದರು. 280 ಮಂದಿ 5 ವರ್ಷ ಅಥವಾ ಅದಕ್ಕಿಂತ ಚಿಕ್ಕವರು. 122 ಮಂದಿ ತೀರಿಕೊಂಡರು. ಸಕ್ಕರೆ ಪರೀಕ್ಷೆ ಮಾಡಿದ 327 ಮಂದಿಯಲ್ಲಿ 204 ಮಂದಿಗೆ ಅದು 70 ಅಥವಾ ಅದಕ್ಕಿಂತ ಕೆಳಗಿತ್ತು.

ಆಮೇಲೆ ಕಾಯಿಲೆ ಬಂದ 104 ಮಕ್ಕಳನ್ನು, ಅದೇ ವಯಸ್ಸಿನ, ಈ ಕಾಯಿಲೆ ಇಲ್ಲದ 104 ಮಕ್ಕಳ ಜೊತೆ ಹೋಲಿಸಿದರು. ಎರಡು ವಿಷಯ ಎದ್ದು ಕಂಡವು. ಹಿಂದಿನ 24 ಗಂಟೆಗಳಲ್ಲಿ ಲಿಚಿ ತಿಂದದ್ದು, ಮತ್ತು ಸಂಜೆಯ ಊಟ ಇಲ್ಲದ್ದು. ಕಾಯಿಲೆಯ 73 ಮಕ್ಕಳ ಮೂತ್ರ ಪರೀಕ್ಷಿಸಿದಾಗ 48ರಲ್ಲಿ ಈ ವಿಷಗಳ ಅವಶೇಷ ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡ 15 ಮಕ್ಕಳಲ್ಲಿ ಒಬ್ಬರಲ್ಲೂ ಇರಲಿಲ್ಲ. ಕಾಯಿಲೆಯ ಮಕ್ಕಳ 80 ರಕ್ತ ಮಾದರಿಗಳಲ್ಲಿ 72ರಲ್ಲಿ ಕೊಬ್ಬಿನಾಮ್ಲಗಳ ಅರ್ಧಂಬರ್ಧ ತುಂಡುಗಳು ಅಸಹಜವಾಗಿ ಸೇರಿಕೊಂಡಿದ್ದವು. ಕಬ್ಬು ಕಡಿಯುವುದು ನಡುವೆ ನಿಂತುಹೋದ ಗುರುತು ಅದು.

ಗಮನಿಸಿ, 73ರಲ್ಲಿ 25 ಮಕ್ಕಳ ಮೂತ್ರದಲ್ಲಿ ಅವಶೇಷ ಸಿಗಲಿಲ್ಲ. ಹಾಗಾಗಿ ಬಿಹಾರದ ಪ್ರತಿಯೊಂದು ಸಾವಿಗೂ ಲಿಚಿಯೇ ಕಾರಣ ಎಂದು ಹೇಳಿಬಿಡಬಾರದು. ಬಿಸಿಲು, ಅಪೌಷ್ಟಿಕತೆ, ಬೇರೆ ಸೋಂಕು ಇವುಗಳ ಪಾತ್ರದ ಬಗ್ಗೆ ವೈದ್ಯರ ಚರ್ಚೆ ಮುಂದುವರಿದಿದೆ. ತನಿಖೆಯ ನಂತರ ಮಕ್ಕಳಿಗೆ ರಾತ್ರಿ ಊಟ ಹಾಕಿ ಮಲಗಿಸಿ, ಲಿಚಿ ಕಡಿಮೆ ತಿನ್ನಿಸಿ, ಕಾಯಿಲೆ ಬಂದರೆ ಕೂಡಲೇ ಗ್ಲೂಕೋಸ್ ಕೊಡಿ ಎಂದು ಸಲಹೆ ನೀಡಲಾಯಿತು. ಆದರೂ 2019ರಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಕಾರಣ ಪುಸ್ತಕದಲ್ಲಿದ್ದರೆ ಸಾಲದು, ಹಳ್ಳಿಯ ಕೊನೆಯ ಮನೆಯ ತಟ್ಟೆಗೆ ತಲುಪಬೇಕು.

ಅಂಟುವಾಳದ ನೆಂಟರು

ನಮ್ಮ ಕಡೆ ತಲೆಗೂದಲು ತೊಳೆಯುವ ಅಂಟುವಾಳ ನಿಮಗೆ ಗೊತ್ತು. ಸೊಲ್ಲಾಪುರ, ಜತ್ತದ ಮಕ್ಕಳು ರಿಠಾ ಎಂದರೆ, ಆದೋನಿ, ರಾಯದುರ್ಗದವರು ಕುಂಕುಡುಕಾಯಿ ಎನ್ನುತ್ತಾರೆ. ಲಿಚಿ, ಅಕಿ, ನಮ್ಮ ಕಾಸರಗೋಡು, ವಯನಾಡಿನ ಹಿತ್ತಿಲಲ್ಲಿ ಬೆಳೆಯುವ ರಂಬುಟಾನ್, ಚಳಿದೇಶದ ಮೇಪಲ್ ಮರ ಎಲ್ಲವೂ ಈ ಅಂಟುವಾಳದ ಕುಟುಂಬಕ್ಕೆ ಸೇರಿದವು. ಯುರೋಪ್, ಅಮೆರಿಕದಲ್ಲಿ ಹುಲ್ಲುಗಾವಲಿನ ಕುದುರೆಗಳು ಸ್ನಾಯು ಸೆಟೆದು ಸಾಯುತ್ತಿದ್ದವು. ಅದಕ್ಕೂ ಕೆಲವು ಜಾತಿಯ ಮೇಪಲ್ ಬೀಜದ ಹೈಪೊಗ್ಲೈಸಿನ್ ಕಾರಣವೆಂದು 2013, 2014ರ ಹೊತ್ತಿಗೆ ತಿಳಿಯಿತು.

ಹಾಗೆಂದು ರಂಬುಟಾನ್ ಕಂಡು ಓಡಬೇಡಿ. ಒಂದೇ ಕುಟುಂಬ ಅಂದ ಮಾತ್ರಕ್ಕೆ ಎಲ್ಲರ ಗುಣ ಒಂದೇ ಅಲ್ಲ. ಲಿಚಿಯನ್ನೂ ಬಿಡಬೇಕಾಗಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನುವವರು ಊಟದ ಮೇಲೆ ನಾಲ್ಕು ಹಣ್ಣು ತಿಂದರೆ ಭಯವಿಲ್ಲ. ಖಾಲಿ ಹೊಟ್ಟೆಯಲ್ಲಿ ರಾಶಿ ತಿನ್ನಬೇಡಿ, ಕಾಯಿ ತಿನ್ನಬೇಡಿ, ಬೀಜ ಅಗಿಯಬೇಡಿ.

ನೆನಪಿಡಿ

ಮನೆಯಲ್ಲಿ ಪುಟ್ಟ ತಮ್ಮ, ತಂಗಿ ಇದ್ದರೆ ರಾತ್ರಿ ಉಣ್ಣದೆ ಮಲಗಲು ಬಿಡಬೇಡಿ. ಗಂಜಿಯೋ, ರೊಟ್ಟಿಯೋ, ಮುದ್ದೆಯೋ, ಏನಾದರೂ ಸರಿ.

ಯಾರಿಗಾದರೂ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬಂದರೆ, ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಸಕ್ಕರೆ ನೀರು ಕುಡಿಸಿ. ಫಿಟ್ಸ್ ಬಂದಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣದ ಕೀ ಹಿಡಿಸುತ್ತ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಆರಿದ ಒಲೆಯನ್ನು ಹಚ್ಚಲು ಕಾಯದೆ ಬೇಯಿಸಿದ ಅನ್ನವನ್ನೇ ತಂದು ಬಡಿಸಿದ ಹಾಗೆ.

ನೀವೇ ಯೋಚಿಸಿ

1. 18 ಕಾರ್ಬನ್‌ಗಳ ಕೊಬ್ಬಿನಾಮ್ಲವನ್ನು ಎಷ್ಟು ಬಾರಿ ಕಡಿಯಬೇಕು? ಎಷ್ಟು ತುಂಡು ಸಿಗುತ್ತವೆ?
2. ಸಾಮಾನ್ಯ ಉಪವಾಸದಲ್ಲಿ ರಕ್ತದ ಕೀಟೋನ್ ಏರುತ್ತದೆ. ಲಿಚಿ ವಿಷ ತಗಲಿದವರಲ್ಲಿ ಹಾಗೆ ಏರುವುದಿಲ್ಲ. ಏಕೆ?
3. ಕಾಯಿಲೆ ಇಲ್ಲದ ಮಕ್ಕಳ ಮೂತ್ರವನ್ನೂ ಪರೀಕ್ಷಿಸಿದ್ದು ಏತಕ್ಕೆ? ಪರೀಕ್ಷಿಸದಿದ್ದರೆ ಏನು ತಪ್ಪಾಗುತ್ತಿತ್ತು?

ಉತ್ತರಗಳನ್ನು ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ. ಇವತ್ತು ರಾತ್ರಿ ಮಾತ್ರ ಊಟ ಮಾಡಿಯೇ ಮಲಗಿ.